ಬಟ್ಟೆಯ ಮೇಲೆ ಬರೆದ ಲೋಕ

ಹಳಗನ್ನಡದ ಜೈನಪುರಾಣಗಳನ್ನು ಓದುವಾಗ ಬಹುಮಂದಿ ಬೇಗಬೇಗನೆ ದಾಟಿಹೋಗುವ ಒಂದು ಭಾಗವುಂಟು. ಅದು ಲೋಕವರ್ಣನೆಯ ಭಾಗ. ಜಂಬೂದ್ವೀಪ, ಅದರ ನಡುವೆ ಮೇರು, ಮೇರುವಿನ ಪಶ್ಚಿಮಕ್ಕೆ ವಿದೇಹ, ವಿದೇಹದಲ್ಲಿ ಗಂಧಿಲ ವಿಷಯ, ಅಲ್ಲಿ ವಿಜಯಾರ್ಧ ಪರ್ವತ, ಆ ಪರ್ವತದ ಮೇಲೆ ಅಲಕಾಪುರ. 941ರಲ್ಲಿ ಪಂಪನು ಆದಿಪುರಾಣದ ಕಥೆಯನ್ನು ಹೀಗೆ ಹೊರಗಿನಿಂದ ಒಳಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆದುಬಂದು ಪ್ರಾರಂಭಿಸುತ್ತಾನೆ. ಪರೀಕ್ಷೆಗಾಗಿ ಓದುವ ವಿದ್ಯಾರ್ಥಿ ಇದೆಲ್ಲ ಕವಿಸಮಯವೆಂದು ಎಣಿಸಿ ಪುಟ ಮಗುಚುತ್ತಾನೆ. ಅವನನ್ನು ಆಕ್ಷೇಪಿಸುವಂತಿಲ್ಲ, ಹೆಸರುಗಳ ಸಾಲನ್ನು ಕಿವಿಯೊಂದರಿಂದಲೇ ಹಿಡಿದಿಟ್ಟುಕೊಳ್ಳುವುದು ಕಷ್ಟ. ಆದರೆ ಇವು ಬರಿಯ ಹೆಸರುಗಳಲ್ಲ. ಒಂದೊಂದಕ್ಕೂ ದಿಕ್ಕುಂಟು, ಅಳತೆಯುಂಟು, ಬಣ್ಣವುಂಟು. ಕನ್ನಡದ ಕವಿಗಳು ಕಿವಿಗೆ ಒಪ್ಪಿಸಿದ ಇದೇ ಲೋಕವನ್ನು ಗುಜರಾತ, ರಾಜಸ್ಥಾನಗಳ ಚಿತ್ರಕಾರರು ಶತಮಾನಗಳ ಕಾಲ ಬಟ್ಟೆಯ ಮೇಲೆ ಬರೆದು ಕಣ್ಣಿಗೆ ಒಪ್ಪಿಸಿದರು. ಆ ಪಟಗಳ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ಚಿತ್ರವನ್ನು ತೋರಿಸದೆ ಚಿತ್ರದ ವಿಷಯ ಮಾತನಾಡುವುದು ಆಕಾಶವಾಣಿಯ ಭಾಷಣಕಾರನಿಗೆ ತಪ್ಪಿದ್ದಲ್ಲ. ಈ ಚಿತ್ರದ ಮಟ್ಟಿಗೆ ಅದು ಅಷ್ಟೇನೂ ದುಸ್ಸಾಧ್ಯವಲ್ಲವೆನ್ನಬೇಕು. ಕೈವಾರದಿಂದ ವೃತ್ತ ಎಳೆಯಬಲ್ಲವರೆಲ್ಲರೂ ನನ್ನೊಡನೆ ಇದನ್ನು ಮನಸ್ಸಿನಲ್ಲಿ ಬರೆಯುತ್ತ ಬರಬಹುದು.

ಇಂಥ ಪಟಗಳು 15ನೆಯ ಶತಮಾನದಿಂದ 19ನೆಯ ಶತಮಾನದವರೆಗಿನವು ನಮಗೆ ಉಳಿದುಬಂದಿವೆ. ಹತ್ತಿಯ ಬಟ್ಟೆಗೆ ಗಂಜಿ ಹಾಕಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಉಜ್ಜಿ ಕಾಗದದಂತೆ ನಯವಾಗಿಸಿದ ಮೇಲೆ ಬರವಣಿಗೆಗೆ ತೊಡಗುತ್ತಿದ್ದರು. ಇಂಗಳೀಕದ ಕೆಂಪು, ಅರಿದಾಳದ ಹಳದಿ, ನೀಲಿ, ಕಾಡಿಗೆಯ ಕಪ್ಪು. ಶ್ರೀಮಂತ ಶ್ರಾವಕನು ಬರೆಯಿಸಿದ್ದಾದರೆ ಅಲ್ಲಲ್ಲಿ ಚಿನ್ನ. ಪಟಗಳಲ್ಲಿ ಹಲವು ಬಗೆ. ಮಂತ್ರ ಯಂತ್ರಗಳ ಪಟ, ತೀರ್ಥಕ್ಷೇತ್ರಗಳ ಪಟ ಇತ್ಯಾದಿ. ಶತ್ರುಂಜಯಕ್ಕೆ ಹೋಗಲಾರದವರು ಕಾರ್ತಿಕ ಹುಣ್ಣಿಮೆಯ ದಿನ ಊರಲ್ಲಿಯೇ ಶತ್ರುಂಜಯದ ಪಟವನ್ನು ತೂಗುಹಾಕಿ ಅದರ ಮುಂದೆ ನಿಂತು ಯಾತ್ರೆಯ ಫಲ ಪಡೆಯುವ ಪದ್ಧತಿ ಆ ಕಡೆ ಇದೆ. ನಾನು ಹೇಳಹೊರಟಿರುವುದು ಇವಲ್ಲ, ಲೋಕದ ಪಟಗಳು. ಅವುಗಳಲ್ಲಿಯೂ ಮುಖ್ಯವಾಗಿ ಅಢಾಈ ದ್ವೀಪವೆಂದು ಕರೆಯುವ, ನಮ್ಮ ಮಾತಿನಲ್ಲಿ ಎರಡೂವರೆ ದ್ವೀಪದ ಪಟ.

ಮೊದಲು ನಡುವೆ ಒಂದು ಹಳದಿಯ ಬೊಟ್ಟು. ಅದು ಮೇರು, ಮೇಲಿನಿಂದ ನೋಡುತ್ತಿದ್ದೇವಾದ್ದರಿಂದ ಬೆಟ್ಟವು ವೃತ್ತವಾಗಿ ಕಾಣುತ್ತದೆ. ಅದರ ನಾಲ್ಕು ಮೂಲೆಗಳಿಂದ ಆನೆಯ ದಂತಗಳಂತೆ ಬಾಗಿದ ನಾಲ್ಕು ಬೆಟ್ಟಗಳು ಹೊರಟಿವೆ. ಅವುಗಳ ಹೆಸರೂ ಗಜದಂತವೆಂದೇ. ಈಗ ಮೇರುವಿನ ಸುತ್ತ ಒಂದು ದೊಡ್ಡ ವೃತ್ತ ಬರೆಯಿರಿ. ಅದೇ ಜಂಬೂದ್ವೀಪ, ಅಡ್ಡಳತೆ ಒಂದು ಲಕ್ಷ ಯೋಜನ. ಅದನ್ನು ಪೂರ್ವದಿಂದ ಪಶ್ಚಿಮಕ್ಕೆ ಹಾಯುವ ಆರು ಪಟ್ಟೆಗಳು ಅಡ್ಡಡ್ಡಲಾಗಿ ಸೀಳುತ್ತವೆ. ಇವು ಕುಲಪರ್ವತಗಳು. ಹಿಮವಂತ ಚಿನ್ನದ ಬಣ್ಣ, ಮಹಾಹಿಮವಂತ ಬಿಳಿ, ನಿಷಧ ಕಾಸಿದ ಚಿನ್ನದ ಕೆಂಪು, ನೀಲ ವೈಡೂರ್ಯದ ಬಣ್ಣ. ಮುಂದೆ ರುಕ್ಮಿ ಬೆಳ್ಳಿಯದು, ಶಿಖರಿ ಮತ್ತೆ ಚಿನ್ನದ್ದು. ಈ ಬಣ್ಣಗಳನ್ನು ಚಿತ್ರಕಾರನು ತನ್ನ ಇಷ್ಟದಂತೆ ಹಚ್ಚಿದ್ದಲ್ಲ. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಲ್ಲಿಯೇ ಅವನ್ನು ನಿಯಮಿಸಿದೆ. ಆರು ಪರ್ವತಗಳ ನಡುವೆ ಏಳು ಕ್ಷೇತ್ರಗಳು. ತೀರ ಕೆಳಗೆ, ಅಂದರೆ ತೆಂಕಣದ ತುದಿಯಲ್ಲಿ, ಬಿಲ್ಲಿನಾಕಾರದ ತುಂಡು ನಮ್ಮ ಭರತಕ್ಷೇತ್ರ. ಅದಕ್ಕೆ ಎದುರಾಗಿ ಬಡಗಣದ ತುದಿಯಲ್ಲಿ ಕನ್ನಡಿಯ ಬಿಂಬದಂತೆ ಐರಾವತ. ನಡುವಿನ ಅಗಲವಾದ ಪಟ್ಟಿ ವಿದೇಹ. ಮೇರುವಿನ ಉತ್ತರಕ್ಕೆ, ಉತ್ತರಕುರುವಿನಲ್ಲಿ, ಒಂದು ಮರ ಬರೆದಿರುತ್ತಾರೆ. ದ್ವೀಪಕ್ಕೆ ಹೆಸರು ತಂದ ಜಂಬೂವೃಕ್ಷ ಅದೇ. ನಮ್ಮ ಹಿತ್ತಿಲ ನೇರಳೆಯೇ ಹೆಸರಿಗೆ; ಆದರೆ ಆ ಮರ ಸಸ್ಯವಲ್ಲ, ಪೃಥ್ವೀಕಾಯದ್ದು, ಒಣಗುವುದೂ ಇಲ್ಲ, ಅಳಿಯುವುದೂ ಇಲ್ಲ.

ಜಂಬೂದ್ವೀಪವನ್ನು ಸುತ್ತಿಕೊಂಡು ನೀಲಿಯ ಉಂಗುರ, ಲವಣಸಮುದ್ರ. ಅಗಲ ಎರಡು ಲಕ್ಷ ಯೋಜನ. ಚಿತ್ರಕಾರನ ಕೈ ಶಾಸ್ತ್ರದ ಬಿಗಿಯಿಂದ ಸ್ವಲ್ಪ ಸಡಿಲಗೊಳ್ಳುವುದು ಇಲ್ಲಿ. ಬುಟ್ಟಿ ಹೆಣೆದಂತೆ ಅಲೆಗಳನ್ನು ಬರೆದು ಅದರ ತುಂಬ ಮೀನು, ಆಮೆ, ಮೊಸಳೆಗಳನ್ನು ಬಿಡುತ್ತಾನೆ. ಅವುಗಳ ನಡುವೆ ನಾಲ್ಕು ದಿಕ್ಕಿಗೆ ನಾಲ್ಕು ಕೊಡಗಳು ಕಾಣುತ್ತವೆ. ನೋಡಿದವರು ಇವನ್ನು ಪೂರ್ಣಕುಂಭಗಳೆಂದು, ಮಂಗಳದ ಗುರುತೆಂದು, ತಿಳಿಯುವುದುಂಟು. ಅವು ಪಾತಾಳಗಳು. ಒಂದೊಂದರ ಆಳ ಒಂದು ಲಕ್ಷ ಯೋಜನ. ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ ಗಾಳಿ, ನಡುವಿನ ಪಾಲಿನಲ್ಲಿ ಗಾಳಿಯೂ ನೀರೂ, ಮೇಲಿನ ಪಾಲಿನಲ್ಲಿ ನೀರು. ಕೆಳಗಿನ ಗಾಳಿ ಕದಡಿದಾಗ ನೀರು ಉಕ್ಕುತ್ತದೆ, ಅಡಗಿದಾಗ ಇಳಿಯುತ್ತದೆ. ಸಮುದ್ರದ ಉಬ್ಬರ ಇಳಿತಗಳಿಗೆ ಇವರು ಹೇಳುವ ಕಾರಣ ಇದು. ಕಾರಣ ಸರಿಯೋ ತಪ್ಪೋ, ಅದು ಬೇರೆ ಮಾತು. ಉಬ್ಬರಕ್ಕೊಂದು ಕಾರಣವಿರಬೇಕು, ಅದು ಯಾವ ದೇವತೆಯ ಕೋಪತಾಪವೂ ಆಗಿರಕೂಡದು ಎಂಬ ಹಟವನ್ನು ಮಾತ್ರ ಗಮನಿಸಬೇಕು.

ಲವಣಸಮುದ್ರದ ಹೊರಗೆ ನಾಲ್ಕು ಲಕ್ಷ ಯೋಜನ ಅಗಲದ ಧಾತಕೀಖಂಡ. ಬೆಟ್ಟಗಳು ಇಲ್ಲಿ ಚಕ್ರದ ಅರೆಕಾಲುಗಳಂತೆ ನಿಂತಿವೆ, ನಾಡುಗಳು ಅವುಗಳ ನಡುವಣ ತೆರಪುಗಳಂತೆ. ಮೇರುಗಳು ಎರಡು, ಭರತಗಳು ಎರಡು, ವಿದೇಹಗಳು ಎರಡು. ಅದರಾಚೆ ಎಂಟು ಲಕ್ಷದ ಕಾಲೋದ ಸಮುದ್ರ; ಅದರಾಚೆ ಹದಿನಾರು ಲಕ್ಷದ ಪುಷ್ಕರದ್ವೀಪ. ಆದರೆ ಈ ದ್ವೀಪದ ನಡುವಿನಲ್ಲಿ ಒಂದು ವರ್ತುಲಾಕಾರದ ಬೆಟ್ಟ ಗೋಡೆಯಂತೆ ನಿಂತು ಅದನ್ನು ಎರಡಾಗಿ ಒಡೆದಿದೆ. ಹೆಸರು ಮಾನುಷೋತ್ತರ. ಪಟ ಅಲ್ಲಿಗೆ ನಿಲ್ಲುತ್ತದೆ. ಜಂಬೂ ಒಂದು, ಧಾತಕೀ ಎರಡು, ಪುಷ್ಕರದ ಅರ್ಧ. ಎರಡೂವರೆ ದ್ವೀಪವೆಂದರೆ ಇದು. ಮೇರುಗಳು ಒಟ್ಟು ಐದು. ಬಟ್ಟೆ ಚೌಕ, ಚಿತ್ರ ವೃತ್ತ. ಉಳಿದ ನಾಲ್ಕು ಮೂಲೆಗಳಲ್ಲಿ ಜಿನಬಿಂಬಗಳನ್ನೋ ಕೈಮುಗಿದು ನಿಂತ ಭಕ್ತರನ್ನೋ ಬರೆದು ತುಂಬುತ್ತಾರೆ.

ಇನ್ನು ಇದರ ಅರ್ಥದ ಮಾತು. ಇಂಥ ಚಿತ್ರವನ್ನು ಕಂಡೊಡನೆ ಸಂಕೇತ, ಮಂಡಲ, ಅಂತರಂಗದ ನಕಾಶೆ ಎಂದು ಮುಂತಾಗಿ ಹೇಳುವುದು ಈಚಿನ ರೂಢಿ. ನನಗೆ ಆ ದಾರಿ ಹಿಡಿಸುವುದಿಲ್ಲ. ಬರೆದವರಿಗೂ ಬರೆಯಿಸಿದವರಿಗೂ ಇದು ಮೊದಲು ಲೆಕ್ಕ, ಆಮೇಲೆ ಸಂಕೇತ. ಅಷ್ಟೇ ಅಲ್ಲ, ಲೆಕ್ಕವನ್ನು ಬಿಟ್ಟರೆ ಸಂಕೇತವೇ ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಕೇಳುಗರ ಕ್ಷಮೆ ಕೋರಿ ಸ್ವಲ್ಪ ಗುಣಾಕಾರ ಮಾಡುತ್ತೇನೆ.

ಜಂಬೂದ್ವೀಪ ಒಂದು ಲಕ್ಷ. ಅದರ ಎರಡು ಮಗ್ಗುಲಿಗೂ ಲವಣಸಮುದ್ರ ಎರಡೆರಡು ಲಕ್ಷ, ಧಾತಕೀ ನಾಲ್ಕು ನಾಲ್ಕು, ಕಾಲೋದ ಎಂಟೆಂಟು, ಅರ್ಧ ಪುಷ್ಕರವೂ ಎಂಟೆಂಟು. ಕೂಡಿದರೆ ಮನುಷ್ಯಲೋಕದ ಅಡ್ಡಳತೆ 45 ಲಕ್ಷ ಯೋಜನ. ಭರತಕ್ಷೇತ್ರವಾದರೋ ಜಂಬೂದ್ವೀಪದ 190ನೆಯ ಒಂದು ಪಾಲು, 526 ಯೋಜನದ ಮೇಲೆ ಹತ್ತೊಂಬತ್ತನೆಯ ಆರು ಭಾಗ. ಈಗ ಮೂರಡಿ ಅಗಲದ ವೃತ್ತದಲ್ಲಿ ಇವೆಲ್ಲವನ್ನೂ ನಿಜವಾದ ಪ್ರಮಾಣದಲ್ಲಿಯೇ ಬರೆಯಬೇಕೆಂದಿಟ್ಟುಕೊಳ್ಳಿ. ಜಂಬೂದ್ವೀಪವೆಲ್ಲ ಸೇರಿ ಒಂದು ರೂಪಾಯಿ ನಾಣ್ಯದಷ್ಟಾಗುತ್ತದೆ. ಮೇರುವಿನ ಬುಡ ಒಂದು ಸಾಸಿವೆಯ ಕಾಳು. ಭರತಕ್ಷೇತ್ರ ಒಂದು ತಲೆಗೂದಲಿನ ದಪ್ಪ. ಆ ಕೂದಲೆಳೆಯೊಳಗೆ ವಿಜಯಾರ್ಧ ಪರ್ವತ, ಗಂಗೆ, ಸಿಂಧು, ಆರು ಖಂಡಗಳು! ಯಾವ ಕುಂಚಕ್ಕೂ ಸಾಧ್ಯವಲ್ಲದ ಕೆಲಸ. ಆದ್ದರಿಂದ ಚಿತ್ರಕಾರನು ನಡುವಿನ ನಾಣ್ಯವನ್ನು ಹಿಗ್ಗಿಸಿ ಹಿಗ್ಗಿಸಿ ವೃತ್ತದ ಬಹುಪಾಲನ್ನು ಅದಕ್ಕೇ ಕೊಡುತ್ತಾನೆ, ಹೊರಗಿನ ಉಂಗುರಗಳನ್ನು ಕಿರಿದುಮಾಡುತ್ತಾನೆ. ಶಾಸ್ತ್ರದ ಪ್ರಕಾರ ಹೊರಹೊರಗೆ ಹೋದಂತೆ ಇಮ್ಮಡಿಸಬೇಕಾದದ್ದು ಅವನ ಬಟ್ಟೆಯಲ್ಲಿ ಹಾಗೆ ಕಾಣುವುದಿಲ್ಲ. ಆ ಕೊರತೆಯನ್ನು ತುಂಬಲು ಅಂಕಿಗಳನ್ನು ಅಲ್ಲಲ್ಲಿಯೇ ಬರೆದಿಡುತ್ತಾರೆ. ಪಟದ ತುಂಬ ಕಾಣುವ ಸಣ್ಣಕ್ಷರಗಳು ಅಲಂಕಾರವಲ್ಲ. ಕಣ್ಣು ನಂಬಿದ್ದನ್ನು ಬುದ್ಧಿ ತಿದ್ದಿಕೊಳ್ಳಲೆಂದು ಇಟ್ಟವು.

ಇಲ್ಲಿ ಪಂಪನ ಓದುಗರಿಗೆ ಒಂದು ಪ್ರಸಂಗ ನೆನಪಾಗದಿರದು. ಷಟ್ಖಂಡವನ್ನೂ ಗೆದ್ದ ಭರತಚಕ್ರವರ್ತಿ ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ಆ ಬೆಟ್ಟದ ಮೈತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು, ಬರೆಯಲು ತೆರಪಿಲ್ಲ. ಅವನ ಗರ್ವ ಅಲ್ಲಿ ಇಳಿಯುತ್ತದೆ. ಕಾಲದ ಅಗಾಧತೆಯ ಮುಂದೆ ಮನುಷ್ಯನ ಕೀರ್ತಿ ಕುಗ್ಗುವ ಚಿತ್ರವೆಂದು ನಾವು ಇದನ್ನು ಮೆಚ್ಚುತ್ತೇವೆ, ಸರಿಯೇ. ಆದರೆ ಪಟದ ಲೆಕ್ಕವನ್ನು ಬಲ್ಲ ಅಂದಿನ ಜೈನ ಶ್ರೋತೃವಿಗೆ ಇನ್ನೊಂದು ಅರ್ಥವೂ ಹೊಳೆದಿರಬೇಕು. ಗೆದ್ದ ಆರು ಖಂಡವೂ ಆ ಕೂದಲೆಳೆ; ಹೆಸರು ಬರೆಯಹೊರಟ ಬೆಟ್ಟ ಆ ಎಳೆಯ ಒಂದು ಮೂಲೆ. ಕವಿ ಅದನ್ನು ಬಾಯಿಬಿಟ್ಟು ಹೇಳಬೇಕಾದ್ದಿಲ್ಲ. ಮೊದಲ ಆಶ್ವಾಸದ ಲೋಕವರ್ಣನೆಯಲ್ಲಿಯೇ ಅಳತೆ ಕೊಟ್ಟಿದ್ದಾಗಿದೆ.

ಮಾನುಷೋತ್ತರದ ಆಚೆ ಲೋಕ ಮುಗಿಯಿತೆಂದೇನೂ ಅಲ್ಲ. ದ್ವೀಪ, ಸಮುದ್ರ, ದ್ವೀಪ, ಸಮುದ್ರ ಎಂದು ಅಸಂಖ್ಯಾತ ಉಂಗುರಗಳು ಇಮ್ಮಡಿಸುತ್ತಲೇ ಹೋಗುತ್ತವೆ. ಹಾಲಿನ ಕಡಲಿದೆ, ತುಪ್ಪದ ಕಡಲಿದೆ, ಕಬ್ಬಿನ ಹಾಲಿನ ಕಡಲಿದೆ. ಎಂಟನೆಯ ದ್ವೀಪವಾದ ನಂದೀಶ್ವರದ ಅಗಲ 163 ಕೋಟಿ 84 ಲಕ್ಷ ಯೋಜನ. ನಾವು ಹಿಡಿದ ಪ್ರಮಾಣದಲ್ಲಿ ಅದೊಂದನ್ನೇ ಬರೆಯಲು ಸಾವಿರ ಅಡಿಗೂ ಮೀರಿದ ಬಟ್ಟೆ ಬೇಕು. ಹಾಗಾದರೆ ಪಟ ಮಾನುಷೋತ್ತರದಲ್ಲಿ ನಿಂತದ್ದೇಕೆ? ಬಟ್ಟೆ ಸಾಲದೆ ಅಲ್ಲ. ಹಿಗ್ಗಿಸಿ ಕುಗ್ಗಿಸಿ ಬರೆಯುವವನಿಗೆ ಇನ್ನೆರಡು ಉಂಗುರ ಭಾರವಲ್ಲ. ಆ ಬೆಟ್ಟದ ಆಚೆ ಮನುಷ್ಯನ ಹುಟ್ಟೂ ಇಲ್ಲ, ಸಾವೂ ಇಲ್ಲ. ಅಲ್ಲಿ ಸೂರ್ಯಚಂದ್ರರು ಸುತ್ತುವುದಿಲ್ಲ, ಇದ್ದಲ್ಲಿಯೇ ಇರುತ್ತಾರೆ. ಒಳಗೆ ಮಾತ್ರ ಅವರು ಮೇರುವನ್ನು ಸುತ್ತುತ್ತಾರೆ. ಜಂಬೂದ್ವೀಪಕ್ಕೆ ಎರಡು ಸೂರ್ಯರು, ಎರಡು ಚಂದ್ರರು; ಭರತ ಐರಾವತಗಳಲ್ಲಿ ಹಗಲಾದಾಗ ವಿದೇಹದ ಎರಡು ಮಗ್ಗುಲಲ್ಲಿ ಇರುಳು. ಎರಡೂವರೆ ದ್ವೀಪಕ್ಕೆಲ್ಲ 132 ಸೂರ್ಯರು. ಹಗಲು, ಇರುಳು, ಮಾಸ, ವರ್ಷ ಎಂಬ ಎಣಿಕೆಯೆಲ್ಲ ಅವರ ಓಡಾಟದಿಂದ. ಅಂದಮೇಲೆ ಪಟದ ಅಂಚು ಭೂಮಿಯ ಅಂಚಲ್ಲ, ಎಣಿಸುವ ಕಾಲದ ಅಂಚು. ದಿನಗಳು ಎಲ್ಲಿ ಕಳೆಯುತ್ತವೆಯೋ ಅಲ್ಲಿಯೇ ಮನುಷ್ಯರಿದ್ದಾರೆ, ಮನುಷ್ಯರಿರುವಲ್ಲಿಯೇ ಮೋಕ್ಷದ ಬಾಗಿಲಿದೆ. ದೇವತೆಗಳು ಎಷ್ಟು ಎತ್ತರದಲ್ಲಿದ್ದರೂ ಅಲ್ಲಿಂದ ನೇರವಾಗಿ ಮುಕ್ತರಾಗಲಾರರು. ಒಮ್ಮೆ ಇಲ್ಲಿಗೆ ಇಳಿದು, ಮನುಷ್ಯರಾಗಿ ಹುಟ್ಟಿ, ತಪಸ್ಸು ಮಾಡಿಯೇ ಹೋಗಬೇಕು.

ಎರಡನೆಯ ಬಗೆಯ ಪಟದಲ್ಲಿ ಈ ಮಾತಿನ ಇನ್ನೊಂದು ತುದಿ ಸಿಕ್ಕುತ್ತದೆ. ಅದು ಲೋಕಪುರುಷನ ಪಟ. ಕಾಲುಗಳನ್ನು ಅಗಲಿಸಿ ಸೊಂಟಕ್ಕೆ ಕೈಯಿಟ್ಟು ನಿಂತ ವ್ಯಕ್ತಿಯ ಆಕಾರದಲ್ಲಿ ಸಮಸ್ತ ಲೋಕ. ಎತ್ತರ 14 ರಜ್ಜು. ಬುಡದಲ್ಲಿ ಅಗಲ 7, ನಡುವಿನಲ್ಲಿ 1, ಎದೆಯ ಮಟ್ಟದಲ್ಲಿ 5, ತುದಿಯಲ್ಲಿ ಮತ್ತೆ 1. ದಿಗಂಬರ ಶಾಸ್ತ್ರಕಾರರು ದಪ್ಪವನ್ನು ಎಲ್ಲೆಡೆಯೂ 7 ರಜ್ಜುವೆಂದೇ ಹಿಡಿದು ಇದರ ಘನಫಲವನ್ನು 343 ಎಂದು ಕಟ್ಟುತ್ತಾರೆ, ಏಳರ ಘನ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ 10ನೆಯ ಶತಮಾನದಲ್ಲಿ ಬರೆದ ತ್ರಿಲೋಕಸಾರದ ಗಣಿತ ಈ ಜಾತಿಯದು. ಗೊಮ್ಮಟನನ್ನು ನಿಲ್ಲಿಸಿದವರ ಬಳಗದಲ್ಲಿ ಲೋಕವನ್ನು ಅಳೆಯುವವರೂ ಇದ್ದರೆಂಬುದು ಕನ್ನಡಿಗರು ಮರೆಯತಕ್ಕ ವಿಷಯವಲ್ಲ. ಸೊಂಟದ ಕೆಳಗೆ ಏಳು ನರಕಭೂಮಿಗಳು ಒಂದಕ್ಕಿಂತ ಒಂದು ಕತ್ತಲಾಗಿ ಇಳಿಯುತ್ತವೆ. ಸೊಂಟದಲ್ಲಿ, ಒಡ್ಯಾಣದಂತೆ, ನಾವು ಇದುವರೆಗೆ ನೋಡಿದ ದ್ವೀಪಸಮುದ್ರಗಳ ಮಧ್ಯಲೋಕ. ಮೇಲೆ ಸ್ವರ್ಗಗಳು, ಕುತ್ತಿಗೆಯ ಮಟ್ಟದ ಸ್ವರ್ಗಗಳಿಗೆ ಗ್ರೈವೇಯಕವೆಂದೇ ಹೆಸರು. ಹಣೆಯಲ್ಲಿ ಎಳೆಚಂದ್ರನಂತೆ ಒಂದು ಬಿಳಿಯ ಕಮಾನು, ಸಿದ್ಧಶಿಲೆ. ಜೈನರ ಮನೆಗಳಲ್ಲಿ ಅಕ್ಕಿಯಲ್ಲಿ ಸ್ವಸ್ತಿಕ ಬರೆದು ಅದರ ಮೇಲೆ ಮೂರು ಗುಂಪು, ಅದರ ಮೇಲೆ ಅರ್ಧಚಂದ್ರ ಇಡುವುದನ್ನು ನೋಡಿದವರು ಈ ಕಮಾನನ್ನು ಬಲ್ಲರು.

ಈ ಪುರುಷನನ್ನು ಕಂಡು ಪುರುಷಸೂಕ್ತದ ವಿರಾಟ್ ಪುರುಷನನ್ನು ನೆನೆಯುವುದು ಸಹಜ. ಆದರೆ ಹೋಲಿಕೆ ಹೊರಗಿನದು. ಇವನನ್ನು ಯಾರೂ ಬಲಿಕೊಡಲಿಲ್ಲ, ಇವನಿಂದ ಏನೂ ಹುಟ್ಟಲಿಲ್ಲ. ಜೈನರ ಲೋಕಕ್ಕೆ ಕರ್ತೃವಿಲ್ಲ, ಮೊದಲಿಲ್ಲ, ಕೊನೆಯಿಲ್ಲ. ಅದು ಇರುವ ರೀತಿಗೆ ಮನುಷ್ಯಾಕಾರ ಒಂದು ಉಪಮಾನ, ಅಷ್ಟೆ. ಸೃಷ್ಟಿಕರ್ತನಿಲ್ಲದ ಲೋಕಕ್ಕೆ ಮನುಷ್ಯನ ರೂಪವನ್ನೇ ಕೊಟ್ಟದ್ದರಲ್ಲಿ ಒಂದು ದಿಟ್ಟತನ ನನಗೆ ಕಾಣುತ್ತದೆ.

ಈಗ ಆ ಎಳೆಚಂದ್ರನ ಅಳತೆ. ಸಿದ್ಧಶಿಲೆಯ ಅಡ್ಡಗಲ 45 ಲಕ್ಷ ಯೋಜನ. ಎರಡೂವರೆ ದ್ವೀಪದಷ್ಟೇ, ಒಂದು ಯೋಜನ ಹೆಚ್ಚಿಲ್ಲ, ಒಂದು ಯೋಜನ ಕಡಮೆಯಿಲ್ಲ. ಕರ್ಮ ಕಳಚಿದ ಜೀವ ಬಾಗದೆ ಬಳುಕದೆ ಒಂದೇ ಸಮಯದಲ್ಲಿ ನೇರವಾಗಿ ಮೇಲಕ್ಕೇರುತ್ತದೆಂಬುದು ಸಿದ್ಧಾಂತ. ಎಲ್ಲಿ ದೇಹ ಬಿಟ್ಟಿತೋ ಅದರ ನೆತ್ತಿಯ ಮೇಲೆಯೇ ಅದರ ನೆಲೆ. ಮೇಲಿನ ವೃತ್ತವನ್ನು ಕೆಳಕ್ಕೆ ಇಳಿಸಿದರೆ ಮಾನುಷೋತ್ತರದ ಗೋಡೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂರುತ್ತದೆ. ಎರಡು ಪಟಗಳನ್ನು ಒಟ್ಟಿಗೆ ಓದಿದಾಗ ಹೊಳೆಯುವ ಈ ಸಮಾನತೆಯೇ ನನಗೆ ಇಡೀ ಚಿತ್ರಪರಂಪರೆಯ ತಿರುಳು. ಅನಂತವಾದ ಆಕಾಶದ ನಡುವೆ ಅಳತೆಗೆ ಸಿಕ್ಕದಷ್ಟು ಸಣ್ಣ ಜಾಗವೊಂದು ಮನುಷ್ಯನದು. ಆದರೆ ಅದರ ನೇರ ಮೇಲೆ, ಅದರ ಅಳತೆಗೇ ಕತ್ತರಿಸಿಟ್ಟಂತೆ, ಒಂದು ಮಾಡು. ಇದನ್ನು ಮಾತಿನಲ್ಲಿ ಹೇಳಿದರೆ ಉಪದೇಶವಾಗುತ್ತದೆ; ಅಂಕಿಯಲ್ಲಿ ಹೇಳಿದ್ದರಿಂದ ಕಾವ್ಯವಾಗಿದೆ.

ಪಟ ಗೋಡೆಯ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಲೋಕದ ಆಕಾರವನ್ನು ಚಿಂತಿಸುವುದು ಜೈನರಿಗೆ ಧ್ಯಾನದ ಒಂದು ಬಗೆ. ಧರ್ಮಧ್ಯಾನದ ನಾಲ್ಕು ವಿಧಗಳಲ್ಲಿ ಸಂಸ್ಥಾನವಿಚಯವೆಂಬುದು ಅದೇ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಲೋಕಾನುಪ್ರೇಕ್ಷೆಯೂ ಒಂದು. ಕನ್ನಡದಲ್ಲಿ ಬಂಧುವರ್ಮನ ಜೀವಸಂಬೋಧನೆ ಈ ಹನ್ನೆರಡನ್ನೇ ವಿಷಯವಾಗಿ ಉಳ್ಳದ್ದು. 16ನೆಯ ಶತಮಾನದ ರತ್ನಾಕರವರ್ಣಿ ತ್ರಿಲೋಕಶತಕವನ್ನೇ ಬರೆದ. ಭರತೇಶವೈಭವದ ಶೃಂಗಾರಕವಿಯೆಂದು ಮಾತ್ರ ಅವನನ್ನು ಕೊಂಡಾಡುವವರು ಈ ಶತಕದ ಕಡೆಗೂ ಒಮ್ಮೆ ಕಣ್ಣುಹಾಯಿಸಬಹುದು. ಇದೇ ಲೋಕ ಆಟವಾಗಿಯೂ ಇಳಿದುಬಂದಿದೆ. ಹಾವು ಏಣಿಯ ಆಟದ ಜೈನ ರೂಪದಲ್ಲಿ 84 ಮನೆಗಳು, ತುದಿಯಲ್ಲಿ ಅದೇ ಸಿದ್ಧಶಿಲೆ. ಬಟ್ಟೆಯ ಮೇಲೆ ಬರೆದ ಆ ಹಾಸು ಹಲವೊಮ್ಮೆ ಲೋಕಪುರುಷನ ಮೈಕಟ್ಟನ್ನೇ ಹೋಲುತ್ತದೆ.

ಪಾಶ್ಚಾತ್ಯ ಭೂಗೋಳ ಶಾಲೆಗಳಿಗೆ ಬಂದ ಮೇಲೆ ಈ ಪಟಗಳು ಇಕ್ಕಟ್ಟಿಗೆ ಸಿಕ್ಕಿದವು. ಮೇರು ಎಲ್ಲಿದೆ ತೋರಿಸಿ ಎಂದರು ಕೆಲವರು. ಶಾಸ್ತ್ರವೇ ಪ್ರಮಾಣ, ಮೇರು ಇದ್ದೇ ಇದೆ ಎಂದರು ಕೆಲವರು. ಎಲ್ಲವೂ ರೂಪಕ ಎಂದು ಜಾರಿಕೊಂಡವರೂ ಉಂಟು. ಉತ್ತರಪ್ರದೇಶದ ಹಸ್ತಿನಾಪುರದಲ್ಲಿ ನೂರಡಿಗೂ ಮೀರಿದ ಮೇರುವನ್ನು ನಡುವಿಗಿಟ್ಟು ಜಂಬೂದ್ವೀಪವನ್ನೇ ಕಟ್ಟಿ 1985ರಲ್ಲಿ ಪ್ರತಿಷ್ಠೆ ಮಾಡಿದರು. ಅದನ್ನು ಪ್ರೇರೇಪಿಸಿದ ಜ್ಞಾನಮತಿ ಮಾತಾಜಿಯವರಿಗೆ ಆ ಕಲ್ಪನೆ 1965ರಲ್ಲಿ ಶ್ರವಣಬೆಳಗೊಳದಲ್ಲಿ ಧ್ಯಾನದಲ್ಲಿದ್ದಾಗ ಹೊಳೆಯಿತೆಂದು ಹೇಳುತ್ತಾರೆ. ಭೂಪಟವೆಂದು ಇದನ್ನು ಇಂದು ಒಪ್ಪಲಾಗದು; ಅದರಲ್ಲಿ ಮುಚ್ಚುಮರೆ ಬೇಡ. ಆದರೆ ಭೂಪಟವಲ್ಲವೆಂದ ಮಾತ್ರಕ್ಕೆ ಅಂಕಿಗಳನ್ನು ಒರಸಿ ಬರಿಯ ವೃತ್ತಗಳನ್ನು ಉಳಿಸಿಕೊಳ್ಳುವುದೂ ನ್ಯಾಯವಲ್ಲ.

ಅಂಥ ಅನ್ಯಾಯ ನಡೆಯುತ್ತಲೂ ಇದೆ. ಹಳೆಯ ಪಟಗಳು ಮಾರಾಟವಾಗಿ ದೇಶಾಂತರ ಸೇರಿವೆ. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಉಂಟು, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಉಂಟು. ವಿದ್ವಾಂಸರು ಅವಕ್ಕೆ ಅನ್ಯಾಯ ಮಾಡಿಲ್ಲ. ಜರ್ಮನಿಯ ಕಿರ್ಫೆಲ್ 1920ರಲ್ಲಿಯೇ ಭಾರತೀಯ ಲೋಕವರ್ಣನೆಗಳ ಮೇಲೆ ದೊಡ್ಡ ಗ್ರಂಥ ಬರೆದರು, ಫ್ರಾನ್ಸಿನ ಕೊಲೆತ್ ಕೈಯಾ ಅವರ ಚಿತ್ರಸಹಿತವಾದ ಪುಸ್ತಕ 1981ರಲ್ಲಿ ಬಂದಿತು. ಅನ್ಯಾಯವಾಗುವುದು ಶ್ರೀಮಂತರ ಗೋಡೆಗಳಲ್ಲಿ. ನವ್ಯಚಿತ್ರದ ಪಕ್ಕದಲ್ಲಿ ಗಾಜಿನ ಹಿಂದೆ ಅದು ಚೆಲುವಾದ ಚಕ್ರವಾಗಿ ನಿಲ್ಲುತ್ತದೆ. ಪಾತಾಳದ ಕೊಡಗಳು ಕೊಡಗಳಾಗಿಯೇ ಉಳಿಯುತ್ತವೆ. 45 ಲಕ್ಷವೆಂಬ ಬರಹವನ್ನು ಓದಬಲ್ಲವರು ಆ ಮನೆಯಲ್ಲಿಲ್ಲ.

ಪಟವನ್ನು ನೋಡಲು ನಮ್ಮವರಲ್ಲಿ ಎಲ್ಲರಿಗೂ ಅವಕಾಶವಾಗದು. ಆದರೆ ಕನ್ನಡನಾಡಿನ ಬಸದಿಗಳಲ್ಲಿ ಇದೇ ಲೋಕದ ತುಣುಕುಗಳು ಲೋಹದಲ್ಲಿಯೂ ಕಲ್ಲಿನಲ್ಲಿಯೂ ಇವೆ. ಅಂತಸ್ತು ಅಂತಸ್ತಾಗಿ ಮೇಲೇರುವ ಪಂಚಮೇರು ಒಂದು. 52 ಜಿನಬಿಂಬಗಳನ್ನು ಹೊತ್ತು ಗೋಪುರದಂತೆ ನಿಂತ ನಂದೀಶ್ವರ ಇನ್ನೊಂದು. ಆ 52, ದಿಕ್ಕಿಗೆ 13ರಂತೆ ನಂದೀಶ್ವರದ್ವೀಪದಲ್ಲಿರುವ ಚೈತ್ಯಾಲಯಗಳ ಲೆಕ್ಕ. ಆಷಾಢ, ಕಾರ್ತಿಕ, ಫಾಲ್ಗುಣಗಳ ಕೊನೆಯ ಎಂಟು ದಿನ ದೇವತೆಗಳು ಅಲ್ಲಿ ಪೂಜೆ ಮಾಡುವರಂತೆ. ಅದೇ ಎಂಟು ದಿನ ಇಲ್ಲಿಯೂ ಅಷ್ಟಾಹ್ನಿಕ ಪೂಜೆ ನಡೆಯುತ್ತದೆ. ಅಂಥ ದಿನಗಳಲ್ಲಿ ಬಸದಿಗೆ ಹೋದವರು ಅರ್ಚಕರ ಅನುಮತಿ ಪಡೆದು ದೀಪದ ಬೆಳಕಿನಲ್ಲಿ ಆ ಬಿಂಬಗಳನ್ನು ಎಣಿಸಿ ನೋಡಬಹುದು.